ದೋಣಿಯವಳಿಗೊಂದು ದಡ

"ಛೆ, ಮತ್ತೆ ಸತ್ತಳು!"

ಬಾಗಿಲಲ್ಲೇ ಅವಳ ಕಾಲು ನಿಂತುಹೋಯಿತು. ಆಟದ ಪುಸ್ತಕಗಳನ್ನು ಅಚ್ಚು ಹಾಕುವ ಆಫೀಸಿನ ಹಿಂದಿನ ಕೋಣೆ. ಒಬ್ಬನೇ ಕುಳಿತಿದ್ದ ಆ ಮನುಷ್ಯ ದಾಳಗಳನ್ನು ಪಕ್ಕಕ್ಕೆ ಸರಿಸಿ ತಲೆ ಕೆರೆದುಕೊಂಡ.

"ಯಾ... ಯಾರು ಸತ್ತಿದ್ದು?"

"ದೋಣಿಯವಳು," ಎಂದ ತಲೆಯೆತ್ತದೆ. "ಬೆಳಿಗ್ಗೆಯಿಂದ ಸಾಯ್ತಾನೇ ಇದಾಳೆ."

ಅವಳು ಒಳಗೆ ನುಗ್ಗಿದಳು. ದೋಣಿಯವಳು... ಅವಳ ದೋಣಿಯವಳು!

"ನನ್ನ ಲೋಕದಲ್ಲಿ ಯಾರೂ ಸಾಯಲ್ಲ ಸ್ವಾಮಿ! ಸಾಯಿಸೋಕೆ ನೀವ್ಯಾರು?"

ಅವನು ತಟ್ಟನೆ ಎದ್ದುನಿಂತ. "ಓ... ಅದನ್ನ ಬರೆದವರು ನೀವಾ?" ಆ ಮುಖದಲ್ಲಿ ಎಂಥ ಸಂತೋಷ! ಸಾಯಿಸಿದವನ ಮುಖ ಹಾಗೆ ಅರಳಬಾರದಿತ್ತು. ಅವಳಿಗೆ ಮೈಯೆಲ್ಲ ಉರಿದುಹೋಯಿತು.

ಪಾಪ, ಅವಳ ಸಿಟ್ಟಿಗೂ ಕಾರಣವಿತ್ತು.

ಹಗಲೆಲ್ಲ ಹಲ್ಲಿನ ಸೆಟ್ಟು ಮಾಡುವ ಲ್ಯಾಬಿನಲ್ಲಿ ಅವಳಿಗೆ ಕೆಲಸ. ಭಾನುವಾರ ಬಂತೆಂದರೆ ತಂಗಿ, ತಂಗಿಯ ಗೆಳತಿಯರು ಎಲ್ಲ ಮೇಜಿನ ಸುತ್ತ ಸೇರುತ್ತಿದ್ದರು. ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ಮಾತಾಡುತ್ತ ಕಥೆ ಬೆಳೆಸುವ ಆಟ, ನಡೆಸುವವಳು ಅವಳು. ರಾಜ, ಕತ್ತಿ, ರಾಕ್ಷಸ ಒಂದೂ ಇಲ್ಲದ ಲೋಕ ಅದು. ಸಂಜೆಯಾದರೆ ಸಾಕು, ಜನರ ನೆರಳುಗಳು ಅವರನ್ನು ಬಿಟ್ಟು ಹೊಳೆಗೆ ಓಡಿಹೋಗುತ್ತವೆ. ದೋಣಿಯವಳು ಅವನ್ನು ಹುಡುಕಿ ತಂದು ಅವರವರಿಗೆ ಒಪ್ಪಿಸುತ್ತಾಳೆ. ದಾಳವೂ ಇಲ್ಲ, ಅಂಕೆಯೂ ಇಲ್ಲ. ಏನಾದರೂ ನಡೆಯಬೇಕೆಂದರೆ ಪಕ್ಕದವರಿಗಾಗಿ ನಿಮ್ಮದೇನನ್ನಾದರೂ ಬಿಟ್ಟುಕೊಡಬೇಕು, ಅಷ್ಟೇ ನಿಯಮ.

ದೋಣಿಯವಳ ಪಾತ್ರ ಮಾತ್ರ ಯಾವಾಗಲೂ ಆಟ ನಡೆಸುವವಳದೇ. ಎಲ್ಲರಿಗೂ ನೆರಳು ಕೊಡುತ್ತಾಳೆ, ತಾನು ದೋಣಿಯಿಂದ ಇಳಿಯುವುದಿಲ್ಲ. ಒಂದು ಗಳಿಗೆ ಇಳಿದು ಬಾ ಎಂದು ಕೇಳಿದವರೂ ಇಲ್ಲ.

ಅವಳು ಬರೆದುಕೊಟ್ಟ ಈ ಆಟವನ್ನು ಪುಸ್ತಕವಾಗಿ ತರಲು ಒಪ್ಪಿದ ಆಫೀಸಿನ ಯಜಮಾನರು ಒಂದೇ ಷರತ್ತು ಹಾಕಿದ್ದರು. ಜನರ ಕೈಗೆ ದಾಳ ಬೇಕು. ಆದ್ದರಿಂದ ಈ ಲೋಕವನ್ನು ತಮ್ಮ ದಾಳದ ಆಟದ ನಿಯಮಗಳಿಗೆ ಹೊಂದಿಸಬೇಕು. ಹೊಂದಿಸಲು ಕೂರಿಸಿದ್ದು ಇವನನ್ನು. ಆಫೀಸಿನಲ್ಲಿ ಎಲ್ಲರ ಬಾಯಲ್ಲೂ ಇವನು ದಾಳಪ್ಪ!

ಆಮೇಲೆ ದಿನಾ ಸಂಜೆ ಜಗಳ.

"ನೆರಳಿಗೆ ಎಷ್ಟು ಬಲ ಅಂತ ಬರೀಲಿ?"

"ನೆರಳಿಗೆಂಥ ಬಲ ರೀ? ಅದೇನು ಪೈಲ್ವಾನಾ?"

ಅವನು ನಗುತ್ತಿದ್ದ. ನಗುತ್ತಲೇ ಬರೆದದ್ದನ್ನು ಹೊಡೆದುಹಾಕುತ್ತಿದ್ದ. ಬರಬರುತ್ತ ಅವಳಿಗೆ ಜಗಳವಿಲ್ಲದ ಸಂಜೆ ಸಪ್ಪೆ ಎನಿಸತೊಡಗಿತು.

ಒಂದು ದಿನ ಮೆಲ್ಲಗೆ ಕೇಳಿದ, "ನಿಮ್ಮ ದೋಣಿಯವಳು ಯಾಕೆ ಇಳಿಯಲ್ಲ?"

"ಅವಳಿಗೆ ಕೆಲಸ ಇದೆ."

"ಕೆಲಸ ಮುಗಿದ ಮೇಲೆ?"

'ನನ್ನನ್ನು ಯಾರೂ ಇದನ್ನು ಕೇಳಿರಲಿಲ್ಲವಲ್ಲ...' ಮಾತು ತಪ್ಪಿಸಲು ಅವನ ಮುಂದಿದ್ದ ಹಾಳೆ ಎಳೆದುಕೊಂಡಳು. ಓದುತ್ತಿದ್ದಂತೆ ಮುಖ ಬಿಳಿಚಿಕೊಂಡಿತು. ದೋಣಿಗೂ ದಡಕ್ಕೂ ನಡುವೆ ಮಡು. ಇಳಿದಾಗ ದಾಳ ಕೈಕೊಟ್ಟರೆ ದೋಣಿಯವಳಿಗೆ ಸಾವು.

"ಇದನ್ನ ತೆಗೀರಿ."

"ಇಲ್ಲ. ಇದೊಂದು ಇರಲೇಬೇಕು."

"ಯಾಕೆ?"

"ಆಡಿದಾಗ ಗೊತ್ತಾಗುತ್ತೆ. ಪರೀಕ್ಷೆಯ ಆಟಕ್ಕೆ ಮೊದಲು ನಾನು ಆಡೋರಿಗೆ ನಿಯಮ ಬಿಡಿಸಿ ಹೇಳಲ್ಲ. ಹೇಳಿಬಿಟ್ರೆ ಪರೀಕ್ಷೆ ಕೆಡುತ್ತೆ."

"ನಿಮ್ಮ ಪರೀಕ್ಷೆ ನೀವೇ ಇಟ್ಕೊಳ್ಳಿ!"

ಅಂದು ಎದ್ದು ಬಂದವಳು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಆದರೆ ನೆಮ್ಮದಿ? ಅದೆಲ್ಲಿ ಬಂತು! ಲ್ಯಾಬಿನಲ್ಲಿ ಮುಂದಿನ ಹಲ್ಲಿನ ಜಾಗಕ್ಕೆ ದವಡೆ ಹಲ್ಲು ಕೂರಿಸಿ ಬೈಸಿಕೊಂಡಳು. ಮನೆಯಲ್ಲಿ ಕಾಲು ಸುಟ್ಟ ಬೆಕ್ಕಿನಂತೆ ಕೋಣೆಯಿಂದ ಕೋಣೆಗೆ ಓಡಾಡಿದಳು.

"ಒಂದು ಕಡೆ ಕೂತ್ಕೊಳ್ಳೇ, ನೋಡಿದವರಿಗೇ ತಲೆ ಸುತ್ತುತ್ತೆ," ಎಂದರು ಅಮ್ಮ.

"ಅಮ್ಮಾ, ಅಕ್ಕನ ನೆರಳು ಆ ಆಫೀಸಲ್ಲೇ ಉಳಿದುಬಿಟ್ಟಿದೆ," ಎಂದಳು ತಂಗಿ.

"ಬಾಯ್ಮುಚ್ಚು!" ಎಂದವಳಿಗೆ ಅಳು ಬಂತು. 'ಅಷ್ಟು ಅರ್ಥ ಮಾಡಿಕೊಂಡವನು... ಅವಳನ್ನು ಸಾಯಿಸಲೇಬೇಕಿತ್ತಾ?'

ಕೊನೆಗೆ ಯಜಮಾನರಿಗೆ ಫೋನ್ ಮಾಡಿದಳು. "ಪುಸ್ತಕ ವಾಪಸ್ ಕೊಟ್ಟುಬಿಡಿ ಸಾರ್."

"ಕೊಡೋಣಮ್ಮಾ. ಒಂದೇ ಒಂದು ಸಲ ಆಡಿ ನೋಡಿ. ಆಮೇಲೂ ಬೇಡ ಅಂದ್ರೆ ತಗೊಂಡು ಹೋಗಿ."

ಭಾನುವಾರ ಮಧ್ಯಾಹ್ನ ಮುಖ ಊದಿಸಿಕೊಂಡೇ ಆಫೀಸಿಗೆ ಹೋದಳು. ನೋಡಿದರೆ, ಆಟ ನಡೆಸುವವರ ಕುರ್ಚಿಯಲ್ಲಿ ತಂಗಿ ಕುಳಿತಿದ್ದಾಳೆ! ಆಚೀಚೆ ಅವಳ ಗೆಳತಿಯರು.

"ಇವತ್ತು ನಾನು ನಡೆಸೋದು ಅಕ್ಕಾ. ನಿಯಮ ಎಲ್ಲ ಹೇಳಿಕೊಟ್ಟಿದಾರೆ. ನೀನು ದೋಣಿಯವಳಾಗಿ ಬರೀ ಆಡು."

ಬರೀ ಆಡುವುದು! ಅದು ಹೇಗೆಂದೇ ಅವಳಿಗೆ ಗೊತ್ತಿರಲಿಲ್ಲ. ಎದುರಿಗೆ ಅವನು, ದಡದಲ್ಲಿ ದೀಪ ಹಿಡಿದು ನಿಲ್ಲುವವನ ಪಾತ್ರದಲ್ಲಿ. ಅವನ ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು.

ಆಟ ಸಾಗಿತು. ಎಲ್ಲರ ನೆರಳೂ ಸಿಕ್ಕಿತು.

"ಈಗ ದೋಣಿಯವಳು ಏನು ಮಾಡ್ತಾಳೆ?" ತಂಗಿ ಕೇಳಿದಳು.

"ವಾಪಸ್ ಹೋಗ್ತಾಳೆ," ಎಂದಳು ಅಭ್ಯಾಸಬಲದಿಂದ.

"ಹೋಗಬೇಡಿ," ದೀಪದವನು ಹೇಳಿದ. "ಇಳಿದು ಬನ್ನಿ."

"ಇಳಿದ್ರೆ ಸಾಯ್ತಾಳಲ್ಲ. ಬರೆದವರು ನೀವೇ."

"ಸಾಯಬಹುದು. ಆದ್ರೂ ಬನ್ನಿ."

ಎದ್ದು ಹೋಗಬಹುದಿತ್ತು. ಪುಸ್ತಕವನ್ನು ಎತ್ತಿಕೊಂಡು ಹೋಗಬಹುದಿತ್ತು. ಯಾಕೋ... ಇಳಿಯಬೇಕೆನಿಸಿತು! ಕಣ್ಣುಮುಚ್ಚಿ ದಾಳ ಎಸೆದಳು.

ಎರಡು ಬಿತ್ತು.

"ಕಮ್ಮಿ ಅಂದ್ರೂ ಆರು ಬೇಕಿತ್ತು ಅಕ್ಕಾ..." ತಂಗಿಯ ದನಿ ಸಣ್ಣದಾಯಿತು. "ಮುಳುಗ್ತಿದಾಳೆ."

ಅವಳು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಳು. ಕಣ್ಣು ತುಂಬಿತ್ತು. "ಆಯ್ತಲ್ಲ? ಇದೇ ತಾನೆ ನಿಮಗೆ ಬೇಕಾಗಿದ್ದಿದ್ದು!"

"ನಾನೂ ನೀರಿಗಿಳೀತೀನಿ," ಎಂದ ಅವನು.

"ಏನು?"

"ಅವಳ ಅಪಾಯದಲ್ಲಿ ಅರ್ಧ ನನಗೆ. ನನಗೆ ಬಿದ್ದದ್ದು ಅವಳದಕ್ಕೆ ಸೇರುತ್ತೆ. ಆಗಲಿಲ್ಲ ಅಂದ್ರೆ... ಇಬ್ರೂ ಮುಳುಗ್ತೀವಿ."

ಅವನು ದಾಳ ಎಸೆದ. ಬಿದ್ದದ್ದು ಐದು.

"ದಡ!" ತಂಗಿ ಕಿರುಚಿದಳು. ಮರುಕ್ಷಣ ಏನು ತಿಳಿಯಿತೋ, ಗೆಳತಿಯರನ್ನೆಲ್ಲ ಎಳೆದುಕೊಂಡು ಹೊರಗೆ ನಡೆದಳು.

ಅವಳು ನಿಂತೇ ಇದ್ದಳು.

"ಒಬ್ಬಳನ್ನೇ ಇಳಿಸಿದಾಗೆಲ್ಲ ಸಾಯ್ತಿದ್ಲು," ಅವನೆಂದ. "ಅವಳು ಬದುಕೋ ದಾರಿ ಹುಡುಕ್ತಾ ಹುಡುಕ್ತಾ ಕಂಗಾಲಾಗಿದ್ದೆ. ಕೊನೆಗೆ ನಿಮ್ಮ ನಿಯಮನೇ ದಾರಿ ತೋರಿಸ್ತು. ಇನ್ನೊಬ್ಬರು ತಮ್ಮದನ್ನ ಬಿಟ್ಟುಕೊಡಬೇಕು. ಸಾಯೋ ಭಯ ತೆಗೆದುಬಿಟ್ರೆ, ಜೊತೆಗೆ ಇಳಿಯೋದಕ್ಕೆ ಬೆಲೆ ಎಲ್ಲಿರುತ್ತೆ ಹೇಳಿ?"

"ಇದನ್ನ ಅವತ್ತೇ ಹೇಳಬಾರದಿತ್ತಾ?"

"ಹೇಳಬೇಕಿತ್ತು. ಪರೀಕ್ಷೆ ಕೆಡಬಾರದು ಅಂತ ಹೋಗಿ ನನ್ನ ಬದುಕೇ ಕೆಡಿಸ್ಕೊಂಡೆ. ನೀವು ಬರೋದು ಬಿಟ್ಟ ಮೇಲೆ ಒಂದು ಸಾಲೂ ಬರೆಯೋಕಾಗಲಿಲ್ಲ."

"ಇದು... ದೀಪದವನ ಮಾತಾ?"

"ಅಲ್ಲ, ನಂದೇ. ನೀವಂದ್ರೆ ನನಗೆ ಪ್ರಾಣ."

ಕಣ್ಣೀರು ಕೆನ್ನೆಗಿಳಿಯಿತು. ಅವಳು ಒರೆಸಿಕೊಳ್ಳಲಿಲ್ಲ.

"ನನಗೂ ಅಷ್ಟೇ... ಆದ್ರೆ ಇನ್ಮೇಲೆ ಏನೇ ಇದ್ರೂ ಮೊದಲೇ ಹೇಳಬೇಕು."

"ಹಾಗಾದ್ರೆ ಈಗ್ಲೇ ಹೇಳ್ತೀನಿ. ನಾಳೆ ಸಂಜೆ ನಿಮ್ಮ ಅಮ್ಮನ ಹತ್ರ ಮಾತಾಡೋಕೆ ಬರ್ತೀನಿ."

"ನಾಳೆನಾ?"

ಅವನ ಮುಖ ಬಾಡಿತು. "ಬೇಡ್ವಾ?"

"ಅಲ್ಲಿವರೆಗೂ ನನ್ನಿಂದ ಕಾಯೋಕಾಗಲ್ಲ ರೀ," ಎಂದಳು ಅವಳು. "ಇವತ್ತೇ ಬನ್ನಿ."