ಅರ್ಥಿಂಗ್ ಗುಂಡಿಗೆ ಮೂರು ಬಕೆಟ್ ನೀರು

"ಆ ಗುಂಡಿಗೆ ಮಾತ್ರ ನೀರು ಹಾಕಬೇಡಿ," ಎಂದರು ಮನೆಯೊಡತಿ ಇಂದಿರಮ್ಮ. "ಲ್ಯಾಪ್‌ಟಾಪ್ ಜುಮ್ ಅಂದ್ರೆ ಅನ್ನಲಿ. ರಬ್ಬರ್ ಚಪ್ಪಲಿ ಹಾಕ್ಕೊಂಡು ಕೆಲಸ ಮಾಡಿ. ಹನ್ನೊಂದು ವರ್ಷದಿಂದ ನಾನು ಈ ಮನೇಲಿ ಹಾಗೇ ಇದೀನಿ."

ಮಹಂತೇಶನಿಗೆ ನಗು ತಡೆಯಲಾಗಲಿಲ್ಲ. ನೋಯ್ಡಾದ ಕಂಪನಿಯಲ್ಲಿ ಇಂಜಿನಿಯರು, ಪುಣ್ಯಾತ್ಮ ಓದಿದ್ದೂ ಎಲೆಕ್ಟ್ರಿಕಲ್ಲೇ. ಹೆಂಡತಿ ಧನ್ಯಾ, ನಾಲ್ಕು ವರ್ಷದ ಮಗಳು ಸಿಂಧೂರಳೊಂದಿಗೆ ಎರಡು ತಿಂಗಳ ಹಿಂದೆ ಘಾಜಿಯಾಬಾದಿನ ಈ ಮನೆಯ ಕೆಳಗಿನ ಭಾಗಕ್ಕೆ ಬಂದದ್ದು, ಮಾಲೀಕರು ಕನ್ನಡದವರು ಎಂಬ ಒಂದೇ ಆಸೆಗೆ. ಬಂದ ದಿನದಿಂದ ಲ್ಯಾಪ್‌ಟಾಪಿನ ಲೋಹದ ಮೈ ಮುಟ್ಟಿದರೆ ಜುಮ್ಮೆನ್ನುತ್ತಿತ್ತು. ಸಿಂಧೂರಳಿಗೆ ಅದೊಂದು ಆಟ. ಬೆರಳಾಡಿಸಿ, "ಅಪ್ಪಾ, ಇರುವೆ ಓಡಾಡ್ತಿದೆ," ಎಂದು ಕಿಲಕಿಲ ನಗುತ್ತಿದ್ದಳು. ಆದರೆ ಫ್ರಿಜ್ಜಿನ ಬಾಗಿಲೂ, ಬಚ್ಚಲ ನಲ್ಲಿಯೂ ಜುಮ್ಮೆಂದ ದಿನ ಅವನಿಗದು ಆಟವಾಗಿ ಉಳಿಯಲಿಲ್ಲ. ಒದ್ದೆ ಕೈಯಲ್ಲಿ ಮಗು ನಲ್ಲಿ ಹಿಡಿದರೆ ಗತಿಯೇನು? ಕರೆಸಿದ ಎಲೆಕ್ಟ್ರಿಷಿಯನ್ ಭಯ್ಯಾ ಹಿತ್ತಲ ಬೇವಿನ ಬುಡದ ಗುಂಡಿಯನ್ನೂ ಅದರಿಂದ ಮನೆಯೊಳಗೆ ಬರುವ ತಂತಿಯನ್ನೂ ನೋಡಿ, ಅರ್ಥಿಂಗ್ ಒಣಗಿ ಸತ್ತಿದೆ, ಸೋರುವ ಕರೆಂಟಿಗೆ ನೆಲಕ್ಕಿಳಿಯಲು ದಾರಿಯಿಲ್ಲ, ಉಪ್ಪು ಹಾಕಿ ನೀರು ಸುರಿಯಿರಿ ಎಂದು ಹೇಳಿ ಹೋಗಿದ್ದ.

"ಪಕ್ಕದ ಮನೆಯವರಿಗೂ ನಮಗೂ ಗೋಡೆಯ ಜಗಳ ಇತ್ತು," ಇಂದಿರಮ್ಮ ದನಿ ತಗ್ಗಿಸಿದರು. "ಗುಂಡಿ ತೋಡಿದವನ ಕೈಲಿ ಅವರು ಬೇರೆ ತಗಡು ಹೂಳಿಸಿದ್ರು. ಮಂತ್ರ ಕೊರೆದದ್ದು. ತಾಮ್ರದ ತಗಡು, ಇದ್ದಿಲು, ಉಪ್ಪು. ಅರ್ಥಿಂಗಿಗೂ ಅದೇ, ಮಾಟಕ್ಕೂ ಅದೇ. ಯಾರಿಗೆ ಅನುಮಾನ ಬರುತ್ತೆ ಹೇಳಿ? ಮೊದಲ ಬೇಸಿಗೇಲಿ ನಮ್ಮ ಯಜಮಾನರೇ ಕೈಯಾರೆ ನೀರು ಹಾಕಿದ್ರು. ನೀರು ಕೊಟ್ಟವರ ಮಗುವನ್ನೇ ಅದು ಕೇಳುತ್ತೆ. ನಮ್ಮ ಮಗ ಶ್ರೀವತ್ಸ ಹೋದ."

"ಅಗೆಸಿ ತೆಗೆಸಬಹುದಿತ್ತಲ್ಲ?"

"ಬಂದವರು ಗುದ್ದಲಿ ಬಿಟ್ಟು ಓಡಿಹೋದ್ರು."

"ಆಂಟಿ, ಆ ಮಾಟಗಾರನ ಹತ್ತಿರ ಐಟಿಐ ಸರ್ಟಿಫಿಕೇಟ್ ಇತ್ತಾ?"

ಇಂದಿರಮ್ಮ ನಗಲಿಲ್ಲ. ಮೆಟ್ಟಿಲು ಹತ್ತಿ ಹೋದರು.

ಜೂನ್ ತಿಂಗಳ ಒಂದು ಮಧ್ಯಾಹ್ನ. ಧನ್ಯಾ ಆಫೀಸಿನಲ್ಲಿದ್ದಳು, ಮಹಡಿಯಲ್ಲಿ ಇಂದಿರಮ್ಮ ಮಲಗಿದ್ದರು. ಬುದ್ಧಿವಂತ ನೋಡಿ, ಮನೆಯಿಂದಲೇ ಕೆಲಸ ಮಾಡುತ್ತಿದ್ದ ಮಹಂತೇಶ ಅದೇ ಹೊತ್ತು ಆರಿಸಿಕೊಂಡ. ಉಪ್ಪಿನ ಪೊಟ್ಟಣ ಹರಿದು ಸುರಿದು, ಒಂದು ಬಕೆಟ್ ನೀರು ಹಾಕಿದ. ನೀರು ಇಂಗಲಿಲ್ಲ. ಗುಟುಕ್, ಗುಟುಕ್ ಎಂದು ಗುಂಡಿ ಅದನ್ನು ಕುಡಿಯಿತು. ಗಂಟಲಿದ್ದವರು ಕುಡಿಯುವ ಸದ್ದು ಅದು. ಒದ್ದೆ ಇದ್ದಿಲಿನ ವಾಸನೆ ಎದ್ದಿತು, ಅದರ ಬೆನ್ನಿಗೇ ನೀರು ಸುರಿದು ಆರಿಸಿದ ಚಿತೆಯ ಕಮಟು. ಒಣ ಮಣ್ಣಲ್ಲವೇ, ಗಾಳಿ ಹೊರಟಿದೆ ಎಂದು ತನಗೆ ತಾನೇ ಪಾಠ ಹೇಳಿಕೊಂಡು ಇನ್ನೆರಡು ಬಕೆಟ್ ಸುರಿದ.

ಒಳಗೆ ಬಂದು, ಕರೆಂಟ್ ಇದ್ದರೆ ದೀಪ ಹತ್ತುವ ಟೆಸ್ಟರ್ ಹಿಡಿದ. ಲ್ಯಾಪ್‌ಟಾಪಿಗೆ ಇಟ್ಟರೆ ದೀಪ ಹತ್ತಲಿಲ್ಲ. ಫ್ರಿಜ್ಜಿಗೂ ಇಲ್ಲ, ನಲ್ಲಿಗೂ ಇಲ್ಲ. "ಚಲೋ, ಮಾಟ ಬಿಡ್ತು," ಎಂದು ಗಟ್ಟಿಯಾಗಿಯೇ ನಕ್ಕ.

ಅಷ್ಟರಲ್ಲಿ ಕಿಟಕಿಯ ಹೊರಗೆ ಆಕಾಶ ಹಳದಿಯಾಗಿ, ಕಂದಾಗಿ, ಕಪ್ಪಾಯಿತು. ಆಂಧಿ, ಇಲ್ಲಿಯ ಬೇಸಿಗೆಯ ಧೂಳಿನ ಬಿರುಗಾಳಿ, ಎದ್ದಿತ್ತು. ಬಾಗಿಲುಗಳು ದಡದಡ ಬಡಿದವು, ಬಾಯೊಳಗೆಲ್ಲ ಧೂಳು. ಕರೆಂಟ್ ಹೋಗಿ ಫ್ಯಾನ್ ನಿಂತಿತು. ಮೂರು ಗಂಟೆಗೇ ಮನೆ ಕತ್ತಲು. ನೆಲದ ಮೇಲೆ ಚಿತ್ರ ಬರೆಯುತ್ತಿದ್ದ ಸಿಂಧೂರ ಹೆದರಿಯಾಳೆಂದು ಎತ್ತಿಕೊಳ್ಳಲು ಹೋಗಿ ಅವಳ ಭುಜ ಮುಟ್ಟಿದ.

ಜುಮ್ಮೆಂದಿತು.

ಅದೇ ಇರುವೆಗಳು. ತೋಳಿನ ರೋಮಗಳೆಲ್ಲ ನಿಂತವು.

"ಅಪ್ಪಾ, ಬಾಯಾರಿಕೆ."

ಒಂದು ಲೋಟ ಕೊಟ್ಟ. ಕುಡಿದಳು. ಬಾಟಲಿ ಕೊಟ್ಟ. ಬರಿದಾಯಿತು. "ಇನ್ನೂ." ತುಟಿ ಒಡೆದಿತ್ತು. ಒಡಕಿನಲ್ಲಿ ಬಿಳಿ ಉಪ್ಪು. ಅವಳ ಮೊಣಕೈಗೆ ಟೆಸ್ಟರ್ ಮುಟ್ಟಿಸಿದ. ಕೆಂಪು ದೀಪ ಹತ್ತಿತು. ಇಡೀ ಬೀದಿಯಲ್ಲಿ ಕರೆಂಟ್ ಇರಲಿಲ್ಲ.

ಬಾಗಿಲಲ್ಲಿ ಟಾರ್ಚ್ ಹಿಡಿದು ಇಂದಿರಮ್ಮ ನಿಂತಿದ್ದರು. "ಹಾಕಿದ್ರಾ?"

"ಮೂರು ಬಕೆಟ್."

ಅವರು ಹೊಸ್ತಿಲ ಮೇಲೇ ಕುಸಿದರು. "ಶ್ರೀವತ್ಸನೂ ಹೀಗೇ ನೀರು ಕೇಳಿದ್ದ."

"ಏನ್ ಮಾಡ್ಲಿ ಅಮ್ಮಾ?" ಆಂಟಿ ಎನ್ನುವುದು ಮರೆತೇ ಹೋಗಿತ್ತು.

"ನೀರು ಹಾಕಿದವರೇ ಬರಿಗಾಲಲ್ಲಿ ಗುಂಡೀಲಿ ನಿಂತು ತಂತಿ ಹಿಡೀಬೇಕು. ಮಗುವಿಗೆ ಬೇಡ, ನನಗೆ ಬರಲಿ ಅನ್ನಬೇಕು." ಟಾರ್ಚನ್ನು ಹಿತ್ತಲ ಕಡೆ ತಿರುಗಿಸಿದರು. "ಯಜಮಾನರು ತಂತಿಯವರೆಗೂ ಹೋದ್ರು. ಹಿಡೀಲಿಲ್ಲ."

ಮಹಂತೇಶ ಓಡಿದ. ಚಪ್ಪಲಿ ಕಿತ್ತೆಸೆದ. ಕಣ್ಣಿಗೆ ಧೂಳು. ಏನೂ ಕಾಣದು. ಕಾಲಿಗೆ ಕೆಸರು ಸಿಕ್ಕಿತು. ಕೆಸರು ಬೆಚ್ಚಗಿತ್ತು. ಉಸಿರಾಡುತ್ತಿತ್ತು. ಕೈ ತಡಕಾಡಿತು. ತಂತಿ. ಹಿಡಿದ. "ನನಗೆ ಬರಲಿ." ಮತ್ತೆ ಕೂಗಿದ. "ನನಗೇ ಬರಲಿ." ಇರುವೆಗಳು ಪಾದ ಹತ್ತಿದವು. ಮಂಡಿ. ಸೊಂಟ. ಎದೆಯಲ್ಲಿ ಬಂದು ಕೂತವು. ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿತು.

ಒಳಗೆ ಸಿಂಧೂರ ಜೋರಾಗಿ ಅತ್ತಳು. ಹೆದರಿದ ಮಗುವಿನ ಸಾದಾ ಅಳು. ಅಷ್ಟು ಇಂಪಾದ ಸದ್ದನ್ನು ಅವನು ಹಿಂದೆ ಕೇಳಿರಲಿಲ್ಲ.

ಈಗ ಅವರಿರುವುದು ಗ್ರೇಟರ್ ನೋಯ್ಡಾದಲ್ಲಿ, ಹನ್ನೊಂದನೇ ಮಹಡಿ. ಅಲ್ಲಿಯ ಅರ್ಥಿಂಗ್ ಚೆನ್ನಾಗಿದೆ, ಲ್ಯಾಪ್‌ಟಾಪ್ ಜುಮ್ಮೆನ್ನುವುದಿಲ್ಲ. ಮಹಂತೇಶ ಹಗಲೂ ರಾತ್ರಿ ರಬ್ಬರ್ ಚಪ್ಪಲಿ ಹಾಕಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರುತ್ತಾನೆ. ಎಷ್ಟು ಕುಡಿದರೂ ದಾಹ ತೀರದು. ಮಣಿಕಟ್ಟಿಗೆ ಟೆಸ್ಟರ್ ಇಟ್ಟರೆ ಕೆಂಪು ದೀಪ ಹತ್ತುತ್ತದೆ. ಒಮ್ಮೆ ಸಿಂಧೂರ ಓಡಿಬಂದು ಅವನ ಬೆರಳು ಹಿಡಿದಿದ್ದಳು. ಅಂದು ಸಂಜೆಯವರೆಗೆ ಅವಳೂ ನೀರು ಕೇಳಿದಳು. ಅಂದಿನಿಂದ ಧನ್ಯಾ ಮಗಳನ್ನು ಅವನ ಹತ್ತಿರ ಬಿಡುವುದಿಲ್ಲ, ಅವಳದೇನು ತಪ್ಪು?

ನಿನ್ನೆ ಧನ್ಯಾ ಸ್ನಾನಕ್ಕೆ ಹೋಗಿದ್ದಳು. ಸಿಂಧೂರ ಎರಡೂ ಕೈ ಚಾಚಿ ಬಂದಳು. "ಅಪ್ಪಾ, ಎತ್ಕೋ."

"ಬೇಡ ಪುಟ್ಟಿ. ಅಪ್ಪ ಜುಮ್ ಅಂತಾನೆ."

ಅವನು ಹಿಂದೆ ಸರಿದ. ಅವಳು ಮುಂದೆ ಬಂದಳು. ಇನ್ನೂ ಸರಿದ. ಬೆನ್ನಿಗೆ ಗೋಡೆ ತಾಗಿತು.

"ಜುಮ್ ಅಂದ್ರೆ ಅನ್ನಲಿ ಅಪ್ಪಾ," ಎಂದಳು ಮಗಳು, ನಗುತ್ತ.