ಮುರಿದ ಮುಖದ ಹಳದಿ

ಗೂಳಿ ನನ್ನನ್ನು ಒಳಗೆ ತಳ್ಳಿದ.

ಮಂಡಿ ನೆಲಕ್ಕೆ ಬಡಿಯಿತು. ಅಂಗೈ ತರಚಿತು. ಹಿಂದೆಯೇ ಕಬ್ಬಿಣದ ಬಾಗಿಲು ಹಾಕಿಕೊಂಡು, ಹೊರಗಿನಿಂದ ಚಿಲಕ ಬಿತ್ತು.

ಎದ್ದು ನಿಂತೆ.

ಎದುರಿಗೆ ಕುಲುಮೆ. ಅದರ ಮೀಟರು ಎಂಟುನೂರು ಡಿಗ್ರಿ ತೋರಿಸುತ್ತಿತ್ತು. ಪಕ್ಕದಲ್ಲಿ ಎಣ್ಣೆಯ ತೊಟ್ಟಿ. ಮೂಲೆಯಲ್ಲಿ, ಗಟ್ಟಿಯಾದ ಉಕ್ಕನ್ನು ಸಣ್ಣ ಉರಿಯಲ್ಲಿ ಬೇಯಿಸುವ ಟೆಂಪರಿಂಗ್ ಒವನ್. ಗೋಡೆಯ ಮೇಲೆ ಫ್ಯಾನು ತಿರುಗುವ ಒಂದು ತೂತು. ಬೆಕ್ಕು ಹೋಗಬಹುದು. ನಾನು ಬೆಕ್ಕಲ್ಲ.

ಅಜ್ಜಿಯ ಕತೆಗಳಲ್ಲಿ ರಾಕ್ಷಸನ ಕೋಟೆಗೆ ಏಳು ಬಾಗಿಲು. ಆರಕ್ಕೆ ಬೀಗ ಹಾಕಿ ಏಳನೆಯದನ್ನು ಮರೆತಿರುತ್ತಾನೆ. ಇಲ್ಲಿ ಇದ್ದದ್ದೇ ಒಂದು. ಈ ರಾಕ್ಷಸನಿಗೆ ಮರೆವಿನ ಕಾಯಿಲೆಯೂ ಇರಲಿಲ್ಲ.

ಮಧ್ಯಾಹ್ನ ಎರಡು ಗಂಟೆ.

ನನ್ನ ಕೆಲಸ ಹೇಳಿಬಿಡುತ್ತೇನೆ. ಡೈ, ಪಂಚು, ಟ್ಯಾಪು... ಉಕ್ಕಿನ ಹತಾರ ಏನಾದರೂ ಮುರಿದರೆ ಏಕೆ ಮುರಿಯಿತೆಂದು ಕಂಡುಹಿಡಿಯುವುದು. ಕಾರ್ಖಾನೆಗಳಲ್ಲಿ ನನ್ನನ್ನು ಎದುರಿಗೆ ಮೇಡಂ ಎನ್ನುತ್ತಾರೆ. ಬೆನ್ನ ಹಿಂದೆ ಬಿರುಕಮ್ಮ.

ಈ ಸಲದ ಕೇಸು ನಮ್ಮ ಮನೆಯದೇ.

ಮೊನ್ನೆ ಈ ಕಾರ್ಖಾನೆಯ ತಗಡು ಒತ್ತುವ ಪ್ರೆಸ್ಸಿನಲ್ಲಿ ಒಂದು ಪಂಚು ಸಿಡಿಯಿತು. ಹೆಬ್ಬೆರಳು ಗಾತ್ರದ ಉಕ್ಕಿನ ಕಡ್ಡಿ; ತಗಡಿಗೆ ತೂತು ಹೊಡೆಯುವುದು ಅದರ ಕೆಲಸ. ಚೂರು ಹಾರಿ ಪ್ರೆಸ್ಸಿನ ಹುಡುಗಿಯ ಬಲಗಣ್ಣು ಹೋಯಿತು. ಆ ಪಂಚಿಗೆ ಹದ ಹಾಕಿದವರು ನನ್ನ ಸೋದರಮಾವ. ಮೂವತ್ತೊಂದು ವರ್ಷ ಇದೇ ಕೋಣೆಯಲ್ಲಿ ಬೆಂದವರು. ಸೂಪರ್‌ವೈಸರ್ ಅವರ ಮೇಲೆ ದೂರು ಕೊಟ್ಟ. ನಿನ್ನೆಯಿಂದ ಲಾಕಪ್ಪಿನಲ್ಲಿದ್ದಾರೆ.

ಬೆಳಗ್ಗೆ ಹೋಗಿ ಮಾತಾಡಿಸಿದ್ದೆ.

"ಎಣ್ಣೆಯಿಂದ ತೆಗೆದು ಒವನ್ನಿಗಿಟ್ಟು ಊಟಕ್ಕೆ ಹೋದೆ ಕಣೇ," ಎಂದಿದ್ದರು. "ಕೈ ತೊಳ್ಕೊಂಡು ಬರೋಷ್ಟರಲ್ಲಿ ಒವನ್ ಖಾಲಿ."

ಅಷ್ಟು ಸಾಕಾಗಿತ್ತು. ಠಾಣೆಯಿಂದ ನೇರ ಕಾರ್ಖಾನೆಗೆ ಬಂದೆ.

ಈ ಉಕ್ಕಿನ ಸ್ವಭಾವವೇ ಹಾಗೆ. ಕೆಂಡದ ಬಣ್ಣಕ್ಕೆ ಕಾಯಿಸಿ ನೀರಿಗೆ ಹಾಕಿದರೆ ಸೀಳುತ್ತದೆ. ಗಾಳಿಗೆ ಬಿಟ್ಟರೆ ಗಟ್ಟಿಯಾಗುವುದಿಲ್ಲ. ಬೆಚ್ಚಗಿನ ಎಣ್ಣೆಯೇ ಬೇಕು. ಎಣ್ಣೆಯಲ್ಲಿ ಅದ್ದಿದರೆ ಅಳತೆ ಹೆಚ್ಚು ಕೆಡದೆ, ಮೈ ಸೊಟ್ಟಗಾಗದೆ ಗಟ್ಟಿಯಾಗುತ್ತದೆ. ಆದರೆ ಅದು ಗಾಜಿನ ಗಟ್ಟಿತನ. ಆ ಬಿಗುವು ಇಳಿಯಲು ತಕ್ಷಣ ಇನ್ನೊಮ್ಮೆ, ಸಣ್ಣ ಉರಿಯಲ್ಲಿ, ಎರಡು ಗಂಟೆ ಬೇಯಬೇಕು. ಬೇಯದಿದ್ದರೆ ಎಂದೋ ಒಂದು ಏಟಿಗೆ ಸಿಡಿಯುತ್ತದೆ.

ಮಧ್ಯಾಹ್ನ ಸೂಪರ್‌ವೈಸರ್ ಟೀ ಕುಡಿಯಲು ಎದ್ದಾಗ ಅವನ ಡ್ರಾಯರಿನಲ್ಲಿ ಮುರಿದ ತುಂಡುಗಳನ್ನು ಕಂಡೆ. ಗಟ್ಟಿತನ ಅಳೆಯುವ ಅರಗಳ ಕಟ್ಟು ನನ್ನ ಚೀಲದಲ್ಲಿ ಸದಾ ಇರುತ್ತದೆ. ಗಟ್ಟಿತನ ಅರವತ್ತಿದ್ದರೆ ಕಚ್ಚಬೇಕಾದ ಅರ ಸರ್ರನೆ ಜಾರಿತು; ಉಕ್ಕು ಅದಕ್ಕಿಂತ ಗಟ್ಟಿ. ಅದರ ಮೇಲಿನದೂ ಜಾರಿತು. ಪಂಚು ಬೆಂದೇ ಇರಲಿಲ್ಲ.

ತುಂಡುಗಳನ್ನು ಚೀಲಕ್ಕೆ ಹಾಕಿಕೊಂಡು ಓಡಿದೆ. ಪ್ರೆಸ್ಸುಗಳ ಸಾಲು ದಾಟಿದೆ. ತಗಡಿನ ರಾಶಿ ಹಾರಿದೆ. ಗೇಟು ಹತ್ತು ಹೆಜ್ಜೆ ದೂರವಿತ್ತು... ಗೇಟಿನಷ್ಟೇ ಅಗಲದ ಕಾವಲುಗಾರ ಅಡ್ಡ ಬಂದ. ಅವನೇ ಗೂಳಿ.

ಈಗ ಬಾಗಿಲಿನ ಕಿಂಡಿ ತೆರೆಯಿತು. ಸೂಪರ್‌ವೈಸರನ ಮೂಗು ಕಂಡಿತು. ಕಾರ್ಖಾನೆಯಲ್ಲಿ ಎಲ್ಲರೂ ಅವನನ್ನು ಅರ್ಜೆಂಟಪ್ಪ ಎಂದೇ ಕರೆಯುತ್ತಾರೆ.

"ಮಂಡಿಗೆ ಪೆಟ್ಟಾಯ್ತೇನಮ್ಮ?"

"ಕ್ಷೇಮಸಮಾಚಾರ ಆಮೇಲೆ. ಚಿಲಕ ತೆಗೀರಿ."

"ತೆಗೀತೀನಿ. ಒಂದು ಅರ್ಜೆಂಟ್ ಕೆಲಸ ಇದೆ."

ನನ್ನ ಚೀಲದಿಂದ ಕಸಿದುಕೊಂಡಿದ್ದ ಎರಡು ತುಂಡುಗಳು ಕಿಂಡಿಯಿಂದ ಒಳಗೆ ಬಿದ್ದವು.

"ನಾಲ್ಕಕ್ಕೆ ಫ್ಯಾಕ್ಟರಿ ಇನ್‌ಸ್ಪೆಕ್ಟರ್ ಪೊಲೀಸ್ ಜೀಪಲ್ಲಿ ಬರ್ತಾರೆ. ಮೆಷಿನ್ ಇಟ್ಟು ಗಟ್ಟಿತನ ಅಳೀತಾರೆ. ಡ್ರಾಯಿಂಗಲ್ಲಿ ಅರವತ್ತು ಅಂತಿದೆ. ಇದು ಅರವತ್ತು ತೋರಿಸ್ಬೇಕು."

"ಈಗ ಅರವತ್ತೈದು ಇದೆ. ಒವನ್ನಿಂದ ಅರ್ಧಕ್ಕೆ ಯಾರೋ ತೆಗೆದಿದ್ದಾರೆ."

"ನಾನೇನೂ ತೆಗೀಲಿಲ್ಲಪ್ಪ."

"ನಿಮ್ಮ ಹೆಸರು ಎಲ್ಲಿ ಹೇಳ್ದೆ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೋತೀರಲ್ಲ."

ಮೂಗು ಕಿಂಡಿಗೆ ಇನ್ನಷ್ಟು ಹತ್ತಿರ ಬಂತು.

"ಲಾರಿ ಕಾಯ್ತಾ ಇತ್ತು ಕಣಮ್ಮ," ಎಂದ, ದನಿ ಇಳಿಸಿ. "ಅರ ಉಜ್ಜಿ ನೋಡ್ದೆ. ಜಾರ್ತು. ಗಟ್ಟಿಯಾಗಿದೆಯಲ್ಲ, ಇನ್ನೇನು ಬೇಯಿಸೋದು ಅಂತ ಪ್ರೆಸ್ಸಿಗೆ ಹಾಕಿಸ್ದೆ."

ಗಟ್ಟಿಯಾಗಿದ್ದರೆ ಆಯಿತು ಎಂದುಕೊಳ್ಳುವ ತಪ್ಪು. ಅರ್ಧ ಕಲಿತವರಷ್ಟೇ ಮಾಡುವ ತಪ್ಪು. ಹುಡುಗಿಯ ಕಣ್ಣು ಅದಕ್ಕೆ ಹೋಯಿತು.

"ಬೇಯಿಸಿಕೊಡು," ಎಂದ. "ನಂಬರು ಸರಿ ಬಂದ್ರೆ ಪಂಚು ಸರಿಯಿತ್ತು, ಹುಡುಗೀನೇ ತಗಡು ಓರೆಯಾಗಿ ಇಟ್ಲು ಅಂತ ಬರೆಸ್ತೀನಿ. ನಿಮ್ಮ ಮಾವ ಸಂಜೆಗೆ ಮನೇಲಿರ್ತಾರೆ."

"ಇಲ್ಲ ಅಂದ್ರೆ?"

"ಗೂಳಿ ಇದನ್ನ ಆ ದೊಡ್ಡ ಕುಲುಮೆಗೆ ಹಾಕ್ತಾನೆ. ಕೆಂಪಗೆ ಕಾದು ತಾನಾಗೇ ಆರಿದ್ರೆ ಮೆತ್ತಗಾಗುತ್ತೆ. ಮುದುಕ ಹದಾನೇ ಹಾಕಿಲ್ಲ ಅಂತ ಬರೆಸ್ತೀನಿ. ಆಮೇಲೆ ಅವ್ರು ಅಲ್ಲೇ ಕೊಳೀಲಿ."

ಕಿಂಡಿ ಮುಚ್ಚಿತು.

ಅತ್ತ ದರಿ, ಇತ್ತ ಪುಲಿ. ಬೇಯಿಸಿದರೆ ಅರವತ್ತೈದೆಂಬ ಸಾಕ್ಷಿ ಅಳಿಯುತ್ತದೆ. ಬೇಯಿಸದಿದ್ದರೆ ಮಾವನೇ ಅಳಿಯುತ್ತಾರೆ.

ತುಂಡುಗಳನ್ನು ಎತ್ತಿಕೊಂಡೆ. ಮುರಿದ ಮುಖ ಬೂದಿಯ ಬಣ್ಣಕ್ಕಿತ್ತು. ಸಕ್ಕರೆ ಹರಳಿನಂತೆ ನವಿರು.

ಶೆಲ್ಫಿನ ಮೇಲೆ ತೆಳುವಾದ ಸ್ಟೀಲ್ ಹಾಳೆಯ ಸುರುಳಿ ಇತ್ತು. ಅದರಲ್ಲಿ ಸುತ್ತಿ ಗಾಳಿ ಹೋಗದಂತೆ ಮಡಚಿ ಬೇಯಿಸಿದರೆ ಈ ಬೂದಿಬಣ್ಣ ಹಾಗೆಯೇ ಉಳಿಯುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ. ಸಂಜೆಗೆ ಮಾವ ಮನೆಯಲ್ಲಿ. ಹುಡುಗಿಗೆ ಒಂದು ಕಣ್ಣು, ಮೇಲೊಂದು ಕಳಂಕ.

ಸುತ್ತದೆ ಬೇಯಿಸಿದರೆ? ಕಾದ ಉಕ್ಕಿಗೆ ಗಾಳಿ ತಾಗಿದಲ್ಲೆಲ್ಲ ಒಣಹುಲ್ಲಿನ ಹಳದಿ ಹತ್ತುತ್ತದೆ. ಮೈಗೂ ಹತ್ತುತ್ತದೆ. ಮುರಿದ ಮುಖಕ್ಕೂ ಹತ್ತುತ್ತದೆ. ಬೆಂದ ಮೇಲೆ ಮುರಿದದ್ದರ ಒಳಗೆ ಆ ಬಣ್ಣ ಇರಲು ಸಾಧ್ಯವೇ ಇಲ್ಲ.

ಸುರುಳಿಯನ್ನು ಮುಟ್ಟಿದೆ. ಕೈ ಅಲ್ಲೇ ನಿಂತಿತು. ಸುಳ್ಳು ಹೇಳುವುದಿಲ್ಲ, ಬಹಳ ಹೊತ್ತು ನಿಂತಿತ್ತು.

ಕೊನೆಗೆ ಸ್ಪಿರಿಟ್ಟಿನ ಬಾಟಲಿ ತೆಗೆದುಕೊಂಡೆ. ಎಣ್ಣೆಯ ಪಸೆ ಉಳಿಯದಂತೆ ಮುರಿದ ಮುಖಗಳನ್ನು ಒರೆಸಿದೆ, ಮಗುವಿನ ಮುಖ ಒರೆಸುವ ಹಾಗೆ. ಬರಿಮೈಯಲ್ಲೇ ಒವನ್ನಿಗಿಟ್ಟೆ. ಇನ್ನೂರ ಇಪ್ಪತ್ತು ಡಿಗ್ರಿ.

ಎರಡೂ ಇಪ್ಪತ್ತು.

ಇನ್ನು ಕಾಯುವುದು. ಓಡುವುದು ಸುಲಭ. ಎಂಟುನೂರು ಡಿಗ್ರಿಯ ಪಕ್ಕ ಕೂತು ಕಾಯುವುದು ಕಷ್ಟ. ಗಾಳಿ ನಾಲಿಗೆಯನ್ನೇ ಒಣಗಿಸಿತು. ಬಾಗಿಲಿನ ಹಿಡಿ ಸುಡುತ್ತಿತ್ತು. ಗೋಡೆಗಳು ಹತ್ತಿರ ಸರಿದಂತೆ ಅನಿಸಿತು.

ಬಾಗಿಲು ಬಡಿದೆ. "ನೀರು ಕೊಡಪ್ಪ."

"ಸಾಹೇಬ್ರು ಹೇಳಿಲ್ಲ," ಎಂದ ಗೂಳಿ ಹೊರಗಿನಿಂದ.

"ನಿಂಗೆ ಬಾಯಾರಿಕೆ ಆದ್ರೂ ಸಾಹೇಬ್ರನ್ನ ಕೇಳ್ತೀಯಾ?"

ಅವನು ಯೋಚಿಸಿದ. ಆ ಸದ್ದೂ ಕೇಳಿಸುವಂತಿತ್ತು.

"ಕೇಳ್ತೀನಿ," ಎಂದ.

ಮೂರೂ ಐವತ್ತಕ್ಕೆ ಚಿಲಕ ಸರಿಯಿತು. ಅರ್ಜೆಂಟಪ್ಪ ಇಕ್ಕಳದಿಂದ ತುಂಡನ್ನು ಎತ್ತಿ ಬೆಳಕಿಗೆ ಹಿಡಿದ. ಹುಬ್ಬು ಗಂಟಾಯಿತು.

"ಯಾಕೆ ಹಳದಿ ಆಗಿದೆ?"

ಗುಟ್ಟು ಹೊರಬಿತ್ತೇ ಎನಿಸಿತು. ಮುಖಕ್ಕೆ ತರಲಿಲ್ಲ.

"ಚೆನ್ನಾಗಿ ಬೆಂದಿದ್ದಕ್ಕೆ. ರ‍್ಯಾಕಲ್ಲಿ ಮಾವ ಬೇಯಿಸಿದ ಪಂಚುಗಳಿವೆ. ಬೇಕಿದ್ರೆ ಪಕ್ಕದಲ್ಲಿಟ್ಟು ನೋಡ್ಕೊಳ್ಳಿ."

ಒಂದನ್ನು ತಂದ. ಅದರ ಮೈ ಹಳದಿ. ಇದರ ಮೈಯೂ ಹಳದಿ. ಹುಬ್ಬು ಸಡಿಲವಾಯಿತು.

"ಒಂದೇ ಬಣ್ಣ," ಎಂದ. "ಇದನ್ನೂ ಇನ್‌ಸ್ಪೆಕ್ಟರಿಗೆ ತೋರಿಸ್ತೀನಿ."

ಒಳ್ಳೆಯ ಪಂಚನ್ನು ಅವನೇ ಕೈಯಾರೆ ಎತ್ತಿಕೊಂಡ.

ಇನ್‌ಸ್ಪೆಕ್ಟರ್ ನೆಗಡಿ ಹಿಡಿದ ಮನುಷ್ಯ. ಮೂಗು ಒರೆಸುತ್ತಲೇ ಮೆಷಿನ್ನಿನಲ್ಲಿ ಮೂರು ಕಡೆ ಒತ್ತಿ ನೋಡಿದ. ಅರವತ್ತು. ಅರವತ್ತೊಂದು. ಅರವತ್ತು.

"ಸರಿಯಾಗೇ ಇದೆಯಲ್ರೀ."

"ನಾನೂ ಅದೇ ಹೇಳ್ತಿದ್ದೆ ಸಾರ್," ಎಂದ ಅರ್ಜೆಂಟಪ್ಪ. "ಆ ಹುಡುಗಿ ತಗಡು ಓರೆ ಇಟ್ಟಿದ್ದು."

ಪೆನ್ನು ತೆರೆಯಿತು. ನನ್ನ ಕತ್ತಿನ ಹಿಂದೆ ಗೂಳಿಯ ಕೈ ಇತ್ತು. ಉಸಿರೆತ್ತಿದರೆ ಹಿಸುಕುವಷ್ಟು ಬಿಗಿಯಾಗಿ.

ಉಸಿರೆತ್ತಿದೆ.

"ಸರ್, ಆ ಇನ್ನೊಂದು ಪಂಚನ್ನ ಒಡೆದು ನೋಡಿ."

"ಯಾರಮ್ಮ ನೀನು?"

"ಮುರಿದದ್ದನ್ನ ಪರೀಕ್ಷೆ ಮಾಡೋಳು. ಒಡೆದು, ಎರಡರ ಒಳಮುಖಾನೂ ಪಕ್ಕಪಕ್ಕ ಇಡಿ. ಆಮೇಲೆ ಬರ್ಕೊಳ್ಳಿ."

"ಅವಳಿಗೆ ತಲೆ ಸರಿಯಿಲ್ಲ ಸಾರ್, ಅರ್ಜೆಂಟಾಗಿ ಸೈನ್..."

ಇನ್‌ಸ್ಪೆಕ್ಟರ್ ಸೀನಿದ. ಪೆನ್ನು ಮುಚ್ಚಿದ. ಗೂಳಿಯತ್ತ ನೋಡಿದ.

"ಏಯ್, ದಪ್ಪಗಿದ್ದೀಯಲ್ಲ, ನೀನು ಬಾ. ಸುತ್ತಿಗೆ ತಗೋ."

ಕತ್ತಿನಿಂದ ಕೈ ಹೋಯಿತು.

ಪಂಚನ್ನು ಮೇಜಿಗೆ ಬಿಗಿದ ವೈಸಿನ ದವಡೆಗೆ ಕಚ್ಚಿಸಿ ಮೇಲೆ ದಪ್ಪ ಗೋಣಿ ಹೊದಿಸಿದರು. ಗೂಳಿ ಹೊಡೆದ. ಮುರಿಯಲಿಲ್ಲ. ಮತ್ತೆ ಹೊಡೆದ. ಮಾವನ ಹದ ಜಗ್ಗಲಿಲ್ಲ. ಮೂರನೆಯ ಏಟಿಗೆ ಗೋಣಿಯ ಕೆಳಗೆ ಸದ್ದಾಯಿತು.

ಎರಡು ತುಂಡು, ಮೇಜಿನ ಮೇಲೆ, ಅಕ್ಕಪಕ್ಕ.

ಈಗ ಮುರಿದದ್ದರ ಒಳಗೆ ಬೂದಿ. ಮೊನ್ನೆ ಮುರಿದದ್ದರ ಒಳಗೆ ಹಳದಿ.

ಇನ್‌ಸ್ಪೆಕ್ಟರ್ ಕನ್ನಡಕ ಮೇಲೇರಿಸಿ ನೋಡಿದ. ನೆಗಡಿ ನಿಂತಂತಿತ್ತು.

"ಮುರಿದ ಮೇಲೆ ಬೇಯಿಸಿದ್ದಾರೆ," ಎಂದ, ನಿಧಾನವಾಗಿ. "ಅಂದ್ರೆ ಮುರಿಯೋವಾಗ ಬೆಂದಿರ್ಲಿಲ್ಲ. ಯಾರು ಮಾಡಿದ್ದು?"

"ಇವಳೇ ಸಾರ್, ನನ್ನ ಕಣ್ಣೆದುರೇ ಒವನ್ನಿಂದ ತೆಗೆದಿದ್ದು," ಎಂದ ಅರ್ಜೆಂಟಪ್ಪ. ತಾನೂ ಅಲ್ಲಿದ್ದೆನೆಂದು ಒಪ್ಪಿಕೊಂಡ ಮೇಲೆ ಬಾಯಿ ಮುಚ್ಚಿಕೊಂಡ. ಅದಕ್ಕೂ ಆತುರವೇ.

"ಹೌದು ಸರ್, ನಾನೇ," ಎಂದೆ. "ಹೊರಗಿಂದ ಚಿಲಕ ಹಾಕಿದ್ರು."

"ನೋಡಿದೋರು ಯಾರಾದ್ರೂ ಇದ್ದಾರಾ?"

ಗೂಳಿಯನ್ನು ನೋಡಿದೆ. ಅವನು ಸುತ್ತಿಗೆಯನ್ನು ನೋಡಿದ.

"ಹಾಗಾದ್ರೆ ಇಬ್ರೂ ಜೀಪ್ ಹತ್ತಿ," ಎಂದ ಇನ್‌ಸ್ಪೆಕ್ಟರ್. "ಯಾರು ಯಾರನ್ನ ಕೂಡಿಹಾಕಿದ್ರು ಅಂತ ಠಾಣೇಲಿ ತೀರ್ಮಾನ ಆಗ್ಲಿ."

ಠಾಣೆಯಲ್ಲಿ ಅರ್ಜೆಂಟಪ್ಪನನ್ನು ಒಂದು ಕೋಣೆಗೆ, ನನ್ನನ್ನು ಇನ್ನೊಂದಕ್ಕೆ ಹಾಕಿದರು. ತುಂಡು ಬೆಂದಾಗ ಮಾವ ಲಾಕಪ್ಪಿನಲ್ಲೇ ಇದ್ದರು; ಅವರ ಮೇಲಿನ ದೂರು ನಿಲ್ಲಲಿಲ್ಲ. ನನ್ನದರಲ್ಲಿ ಆಗತಾನೇ ಮಾವ ಎದ್ದು ಹೋದ ಬೆಂಚು. ಅವರು ಹೊರಗೆ ರಿಜಿಸ್ಟರಿಗೆ ಸಹಿ ಹಾಕಿ, ಚಪ್ಪಲಿ ಮೆಟ್ಟಿಕೊಂಡು, ಕಂಬಿಯ ಹತ್ತಿರ ಬಂದರು. ಪೊಲೀಸಿನವನು ಎಲ್ಲವನ್ನೂ ಹೇಳಿದ್ದ.

ನನ್ನ ತರಚಿದ ಅಂಗೈ ನೋಡಿದರು. ಕಣ್ಣು ತುಂಬಿದಂತಿತ್ತು.

"ಎಷ್ಟು ಡಿಗ್ರಿ ಇಟ್ಟಿದ್ದೆ?"

"ಇನ್ನೂರ ಇಪ್ಪತ್ತು."

"ಎಷ್ಟು ಹೊತ್ತು?"

"ಒಂದೂವರೆ ಗಂಟೆ."

ಮಾವ ತಲೆ ಅಲ್ಲಾಡಿಸಿದರು.

"ಎರಡು ಗಂಟೆ ಇಡ್ಬೇಕಿತ್ತು ಕಣೇ. ಏನು ಅವಸರ ಬಂದಿತ್ತು ನಿಂಗೆ?"

ಬಿಡಿಸಿದ್ದಕ್ಕೆ ಒಂದು ಮಾತಿಲ್ಲ. ಕಡಿಮೆ ಬಿದ್ದ ಅರ್ಧ ಗಂಟೆಗೆ, ಕಂಬಿಯ ಒಳಗೆ ನಿಂತು, ನಾನೇ ಕ್ಷಮೆ ಕೇಳಿದೆ.