ಆಲ್ಡರ್‌ಕಾಟ್‌ನ ಕುರುಡು ಕಿಟಕಿ

"ಆ ಕಿಟಕಿ ಒಂದನ್ನ ಮುಟ್ಟಬೇಡಿ, ಮಿಸ್ಟರ್ ಬ್ರಾಂಟ್. ಮಿಕ್ಕಿದ್ದೇನಾದ್ರೂ ಮಾಡ್ಕೊಳ್ಳಿ."

ಮಿಸ್ ವೇಸಿ ಇಷ್ಟನ್ನು ಹೇಳಿದ್ದು ಗೇಟಿನ ಪಕ್ಕದ ತನ್ನ ಪುಟ್ಟ ಮನೆಯ ಹೊಸ್ತಿಲಲ್ಲಿ ನಿಂತು. ಒಳಗೆ ಬನ್ನಿ ಅನ್ನಲಿಲ್ಲ, ಚಹಾ ಬೇಕಾ ಅಂತಲೂ ಕೇಳಲಿಲ್ಲ. ಅವಳ ಮನೆತನ ತಲೆಮಾರುಗಳಿಂದ ಬಾಳಿದ್ದ ಆಲ್ಡರ್‌ಕಾಟ್ ಬಂಗಲೆಯನ್ನು ಲಂಡನ್ನಿನ ಈ ವಾಸ್ತುಶಿಲ್ಪಿ ಕೊಂಡುಕೊಂಡಿದ್ದ. ಆ ಉರಿ ಅವಳ ಮುಖದ ಮೇಲೇ ಇತ್ತು.

ಬಂಗಲೆಯ ಹಿಂಭಾಗ ಹಳೆಯ ಓಕ್ ತೊಲೆಗಳದ್ದು. ಮುಂಭಾಗ ಆಮೇಲೆ ಯಾರೋ ಶೋಕಿಗೆ ಅಂಟಿಸಿದ ಕೆಂಪು ಇಟ್ಟಿಗೆಯ ಮುಖ. ಬಾಗಿಲಿನ ಎಡಕ್ಕೆಷ್ಟು ಕಿಟಕಿಯೋ ಬಲಕ್ಕೂ ಅಷ್ಟೇ. ಮೇಲಂತಸ್ತಿನ ಕೊನೆಯದು ಮಾತ್ರ ಕಿಟಕಿಯಲ್ಲ, ಕಿಟಕಿಯ ವೇಷ. ಇಟ್ಟಿಗೆ ತುಂಬಿ, ಕಪ್ಪು ಬಳಿದು, ಬಿಳಿ ಗೆರೆಗಳಲ್ಲಿ ಚೌಕಟ್ಟು ಬರೆದಿದ್ದರು. ದೂರದಿಂದ ನೋಡಿದವರಿಗೆ ಗಾಜೇ. ಅದರ ಹಿಂದಿನ ಕೋಣೆಗೆ ಹಗಲಲ್ಲೂ ದೀಪ ಬೇಕಿತ್ತು.

"ಕಿಟಕಿಗೆ ತೆರಿಗೆ ಹಾಕ್ತಿದ್ದ ಕಾಲದಲ್ಲಿ ಮುಚ್ಚಿರ್ತಾರೆ," ಅಂದ ಲಯನೆಲ್ ಬ್ರಾಂಟ್. "ನಿಮ್ಮ ಹಿರಿಯರು ಜಿಪುಣರು, ಅಷ್ಟೇ."

"ಜಿಪುಣರು ಒಂದೇ ಕಿಟಕಿ ಮುಚ್ಚಿ ಸುಮ್ನಾಗ್ತಾರಾ? ಜೆನೆಟ್ ಅಂತ ಒಬ್ಬಳು ಅಲ್ಲೇ ಕೂತು ನಮ್ಮೋರ ಪರದೆಗಳಿಗೆ ಕಸೂತಿ ಹಾಕಿ ಹಾಕಿ ಕಣ್ಣು ಕಳ್ಕೊಂಡ್ಲು. ಕುರುಡಿ ಯಾಕೆ ಅಂತ ಹೊರಗೆ ದಬ್ಬಿದ್ರು. ಅವಳು ಮಾಟ ಮಾಡಿಟ್ಟು, ಆ ಕಿಟಕಿ ಮುಂದಿನ ಹುಲ್ಲಿನ ಮೇಲೇ ಬಿದ್ದು ಸತ್ಲು. ಆ ಕಿಟಕಿಗೆ ಬೆಳಕು ಬಂದ್ರೆ ಮನೆ ಹೆಣ್ಣಿನ ಕಣ್ಣಿಂದಲೇ ಬರಬೇಕು ಅಂದಿದ್ಲಂತೆ. ಅದಕ್ಕೇ ಇಟ್ಟಿಗೆ ತುಂಬಿಸಿದ್ರು."

"ನನ್ನ ಹೆಂಡ್ತಿ ಚಿತ್ರ ಬರೀತಾಳೆ. ಅವಳಿಗೆ ಉತ್ತರದ ಬೆಳಕು ಬೇಕು, ಆ ಕೋಣೆನೇ ಬೇಕು. ನಿಮ್ಮ ಜೆನೆಟ್‌ಗೆ ಅಭ್ಯಂತರ ಇದ್ರೆ ನನ್ನ ಹತ್ರ ಬಂದು ಮಾತಾಡ್ಲಿ."

ಮಿಸ್ ವೇಸಿ ಅವನ ಮುಖಕ್ಕೇ ಬಾಗಿಲು ಹಾಕಿಕೊಂಡಳು.

ಊರಿನ ಗಾರೆಯವರು ಒಬ್ಬೊಬ್ಬರು ಒಂದೊಂದು ನೆಪ ಹೇಳಿ ಜಾರಿಕೊಂಡರು. ಲಯನೆಲ್‌ಗೆ ಹಠ ಹಿಡಿಯಿತು. ತಾನೇ ಅಟ್ಟಣಿಗೆ ಕಟ್ಟಿ, ಉಳಿ ಸುತ್ತಿಗೆ ಹಿಡಿದು ಹತ್ತಿದ. ಇಟ್ಟಿಗೆಗಳ ಹಿಂದಿನಿಂದ ಒದ್ದೆ ಉಣ್ಣೆಯ, ಉರಿದ ಕೊಬ್ಬಿನ ವಾಸನೆ ಬಂತು. ಕಿಟಕಿಯ ಕೆಳಗಲ್ಲಿನ ಸಂದಿಯಲ್ಲಿ ತುಕ್ಕು ಹಿಡಿದ ಸೂಜಿ ಚುಚ್ಚಿತ್ತು. ಅದಕ್ಕೆ ದಾರದ ಬದಲು ನರೆಗೂದಲು ಪೋಣಿಸಿದ್ದರು. ಅವನು ಕಿತ್ತು ಎಸೆದ.

ಅವನ ಹೆಂಡತಿ ಫೀಬಿ ಅಂದಿನಿಂದ ಕಣ್ಣುಜ್ಜತೊಡಗಿದಳು. ಸುಣ್ಣದ ಧೂಳು ಅಂದುಕೊಂಡರು. ಇಟ್ಟಿಗೆ ಕಿತ್ತಷ್ಟೂ ಕೋಣೆ ಬೆಳಗಿತು, ಅವಳ ಕಣ್ಣಿಗೆ ಬಣ್ಣಗಳು ಮಾಸಿದವು. ಮೂರ್ಖ ಗಂಡ ಬೆಳಕನ್ನಷ್ಟೇ ನೋಡಿದ. ಗಾಜು ಕೂರಿಸಿ ಮುಗಿಸಿದ ಮಧ್ಯಾಹ್ನ ಅವಳು ಹಿಂದಿನ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದಳು.

"ದೀಪ ಯಾಕೋ ಆರಿಸ್ದೆ, ಲಯನೆಲ್?"

ದೀಪ ಉರಿಯುತ್ತಲೇ ಇತ್ತು.

ಕಣ್ಣಲ್ಲಿ ಏನೂ ದೋಷವಿಲ್ಲ ಅಂದರು ಪಟ್ಟಣದ ಡಾಕ್ಟರು. ಮನೆಗೆ ಮರಳಿದ ಮಾರನೆ ಬೆಳಿಗ್ಗೆ ಅದೇ ಅಡುಗೆಮನೆಯಲ್ಲಿ ಕೂತವಳು ತಟ್ಟನೆ ತಲೆಯೆತ್ತಿದಳು. "ಅಂಚೆಯವನು ಬರ್ತಿದ್ದಾನೆ. ಕೆಂಪು ಮಫ್ಲರ್ ಸುತ್ಕೊಂಡಿದ್ದಾನೆ." ಲಯನೆಲ್ ಮುಂಬಾಗಿಲಿಗೆ ಓಡಿದ. ಕೆಂಪು ಮಫ್ಲರಿನ ಅಂಚೆಯವನು ಗೇಟು ದಾಟುತ್ತಿದ್ದ. ಲಯನೆಲ್ ಹೊರಗಿಳಿದು ತಲೆಯೆತ್ತಿ ಮೇಲಂತಸ್ತಿನ ಹೊಸ ಗಾಜು ನೋಡಿದ. ಹೆಂಡತಿ ಕುರುಡಿಯಾಗಿರಲಿಲ್ಲ. ಅವಳ ನೋಟ ಮೇಲಿನ ಆ ಕಿಟಕಿಗೆ ಹೋಗಿ ಸೇರಿತ್ತು. ಕಿಟಕಿ ಕಂಡದ್ದನ್ನಷ್ಟೇ ಅವಳು ಕಾಣುತ್ತಿದ್ದಳು.

"ಹುಲ್ಲಿನ ಮೇಲೆ ಒಬ್ಬಳು ನಿಂತಿದ್ದಾಳೆ," ಅಂದಳು ಫೀಬಿ. "ಹಳೇ ಕಾಲದ ಉದ್ದ ಲಂಗ. ಈ ಕಡೆಗೇ ಮುಖ ಮಾಡಿದ್ದಾಳೆ."

ಹೊರಗೆ ಮಂಜು ಬಿಟ್ಟರೆ ಏನೂ ಇರಲಿಲ್ಲ.

ಕಿಟಕಿಗೆ ರೆಪ್ಪೆಯಿಲ್ಲ. ಫೀಬಿ ಕಣ್ಣು ಮುಚ್ಚಿದರೂ ನೋಡುತ್ತಲೇ ಇರಬೇಕಾಯಿತು, ಮಲಗಿದರೂ ನೋಡಬೇಕಾಯಿತು. ಆ ಹೆಂಗಸು ದಿನದಿನಕ್ಕೆ ಹತ್ತಿರವಾಗುತ್ತಿದ್ದಳು. ಫೀಬಿ ಊಟ ಬಿಟ್ಟಳು.

"ಮುಚ್ಚಿಬಿಡು, ಕಾಲಿಗೆ ಬೀಳ್ತೀನಿ."

"ಮುಚ್ಚಿದ್ರೆ ಇನ್ಯಾವತ್ತೂ ಏನೂ ಕಾಣಲ್ಲ ಕಣೇ. ಚಿತ್ರ ಬರೆಯೋಕಾಗಲ್ಲ."

"ಕತ್ತಲೆನೇ ಸಾಕು ನಂಗೆ."

ಅವನು ಅತ್ತ. ಜಂಬದವನಾದರೂ ಹೆಂಡತಿ ಅಂದರೆ ಅವನಿಗೆ ಜೀವ. ಅವಳನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ, ಕಂಬಳಿ ಹೊದಿಸಿ, ಗಾರೆ ಕಲಸಿಕೊಂಡು ಅಟ್ಟಣಿಗೆ ಹತ್ತಿದ. ಗಾಜಿನ ಹೊರಮೈಗೆ ಇಟ್ಟಿಗೆ ಏರತೊಡಗಿತು. ಕೆಳಗಿನಿಂದ ಅವಳ ದನಿ ಬರುತ್ತಿತ್ತು.

"ಏಣಿ ಹತ್ರ ಬಂದ್ಲು, ಲಯನೆಲ್. ಬೇಗ."

ಇಟ್ಟಿಗೆ. ಗಾರೆ. ಇಟ್ಟಿಗೆ.

"ಹತ್ತುತ್ತಿದ್ದಾಳೆ. ತಿರುಗಬೇಡ. ನಿನ್ನ ಹಿಂದೇನೇ ಇದ್ದಾಳೆ."

ಒದ್ದೆ ಉಣ್ಣೆಯ ವಾಸನೆ. ಕುತ್ತಿಗೆಗೆ ತಣ್ಣನೆಯ ಉಸಿರು. ಕರಣೆ ಜಾರಿತು. ಅವನು ತಿರುಗಲಿಲ್ಲ.

ಕೆಳಗೆ ಫೀಬಿ ನಿಡಿದಾಗಿ ಉಸಿರು ಬಿಟ್ಟಳು.

"ಇಲ್ಲ. ಹೋದ್ಲು. ಎಲ್ಲೂ ಕಾಣ್ತಿಲ್ಲ. ನೀನೊಬ್ಬನೇ ಕಾಣ್ತಿದ್ದೀಯ, ಗಡ್ಡಕ್ಕೆಲ್ಲ ಗಾರೆ ಮೆತ್ಕೊಂಡು." ಅವಳು ನಕ್ಕಳು. "ಸ್ವಲ್ಪ ನಿಲ್ಲು. ಇನ್ನೊಂದ್ಸಲ ನೋಡ್ಕೋತೀನಿ."

ಅವನು ನಿಂತ. ಅವಳು ಸಾಕು ಅಂದ ಮೇಲೆ ಕೊನೆಯ ಇಟ್ಟಿಗೆ ಇಟ್ಟ.

ಇಳಿದು ಬಂದು ಅವಳ ಕೈ ಹಿಡಿದುಕೊಂಡಾಗ ಆ ಕೈ ಮರಗಟ್ಟಿತ್ತು.

"ಮುಗೀತು, ಫೀಬಿ."

"ಕೋಣೆ ಕಾಣ್ತಿದೆ," ಅಂದಳು ಅವಳು.

"ಯಾವ ಕೋಣೆ?"

"ನನ್ನ ಬಣ್ಣದ ಮೇಜು. ಕುಂಚಗಳು. ಬಾಗಿಲು."

ಲಯನೆಲ್ ಗೋಡೆಯತ್ತ ನೋಡಿದ. ಹೊರಗಿನ ದಾರಿ ಮುಚ್ಚಿಹೋದ ಕಿಟಕಿ ಒಳಕ್ಕೆ ತಿರುಗಿತ್ತು.

"ಅವಳು ಹೋಗಿಲ್ಲ. ಒಳಗೆ ಬಂದಿದ್ದಾಳೆ. ಗೋಡೆ ಸವರ್ತಾ ಕಿಟಕಿ ಕಡೆಗೇ ಬರ್ತಿದ್ದಾಳೆ." ಫೀಬಿ ಎರಡೂ ಅಂಗೈಗಳಿಂದ ಕಣ್ಣು ಒತ್ತಿಕೊಂಡಳು. "ಅವಳಿಗೆ ಕಣ್ಣಿಲ್ಲ, ಲಯನೆಲ್. ನನ್ನವು ಎಲ್ಲಿವೆ ಅಂತ ಬೆರಳಲ್ಲಿ ಹುಡುಕ್ತಿದ್ದಾಳೆ."

ಅವನು ಸುತ್ತಿಗೆ ಎತ್ತಿಕೊಂಡು ಓಡಿದ. ಏಣಿಯ ಅರ್ಧದಲ್ಲಿದ್ದಾಗ ಹಸಿ ಗಾರೆಯ ಇಟ್ಟಿಗೆಗಳ ಆಚೆ, ಗಾಜಿನ ಮೇಲೆ ಉಗುರು ಎಳೆದ ಸದ್ದು ಕೇಳಿತು. ಕೆಳಗೆ ಫೀಬಿ ಕಿರುಚಿದಳು. ಅವಳ ಬೆರಳುಗಳ ಸಂದಿಯಿಂದ ರಕ್ತ ಇಳಿಯುತ್ತಿತ್ತು.